ಕೇಳುವುದಕ್ಕೂ ಅಪ್ಪಣೆ ಬೇಕು

ಮದ್ದೂರಿನ ಹೈಸ್ಕೂಲಿನಲ್ಲಿ ನಾನು ಗಣಿತದ ಮೇಷ್ಟ್ರು. ವರ್ಷಗಟ್ಟಲೆ ಕೂಗಿ ಪಾಠ ಹೇಳಿದ ಗಂಟಲಲ್ಲಿ ಸಣ್ಣದೊಂದು ಗಂಟು ಬೆಳೆದಿತ್ತು. ಮೈಸೂರಿನಲ್ಲಿ ಅದನ್ನು ತೆಗೆದ ಡಾಕ್ಟರು, "ಕೆಟ್ಟ ಗಂಟಲ್ಲ, ಹೆದರಬೇಡಿ. ಆದರೆ ನಾನು ಹೇಳುವವರೆಗೂ ಮಾತಾಡಬೇಡಿ. ಪಿಸುಮಾತಂತೂ ಬೇಡವೇ ಬೇಡ" ಎಂದರು. ವಾಪಸು ಬರುವಾಗ ನನ್ನ ಹೆಂಡತಿ ಬಸ್‌ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ಮಕ್ಕಳ ಸ್ಲೇಟೊಂದನ್ನು ಕೊಂಡು ನನ್ನ ತೊಡೆಯ ಮೇಲಿಟ್ಟಳು.

ನಮ್ಮಿಬ್ಬರಲ್ಲಿ ಮಾತುಗಾರ ನಾನೇ. ಅವಳು ಮಳವಳ್ಳಿ ಕಡೆಯ ಬ್ಲಫ್ ಎಂಬ ಊರಿನವಳು. ಅವರಪ್ಪ ಅಲ್ಲಿನ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕಿದ್ದರು. ನೆಂಟರು ಬಂದರೆ ಕಾಫಿ ಲೋಟ ಕೈಗೆ ಕೊಟ್ಟು "ತಗಳಿ" ಅನ್ನುವಳು. ಆ ಹೊತ್ತಿನ ಅವಳ ಮಾತು ಅಲ್ಲಿಗೆ ಮುಗಿಯಿತು. ಹೀಗಾಗಿ ನಾನು ಬಾಯಿ ಮುಚ್ಚಿದ ದಿನವೇ ನಮ್ಮ ಮನೆಯೂ ಬಾಯಿ ಮುಚ್ಚಿಕೊಂಡಿತು. ನೋಡಲು ಬಂದವರು ನನಗೆ ಕಿವಿಯೂ ಹೋಗಿದೆಯೇನೋ ಅನ್ನುವಂತೆ ಕೂಗಿ ಮಾತಾಡುತ್ತಿದ್ದರು. ಒಬ್ಬರಂತೂ ನನ್ನ ಕೈಯಿಂದ ಸ್ಲೇಟು ಕಿತ್ತುಕೊಂಡು ಅದರಲ್ಲೇ "ಹೇಗಿದ್ದೀರಿ?" ಎಂದು ಬರೆದು ತೋರಿಸಿದರು.

ಅಂಥದ್ದೊಂದು ದಿನ ಬೆಂಗಳೂರಿನಲ್ಲಿ ಕಾರು ಓಡಿಸುವ ನನ್ನ ಬಾಮೈದ ಬಂದ. ಯಾರೋ ಮನೆ ಖಾಲಿ ಮಾಡುವಾಗ ಅವನಿಗೆ ಕೊಟ್ಟಿದ್ದ ಯಂತ್ರವೊಂದನ್ನು ಮೇಜಿನ ಮೇಲಿಟ್ಟ. ಅಂಗೈಯಷ್ಟು ಅಗಲ, ಮೇಲೊಂದು ರಬ್ಬರಿನ ಕಡ್ಡಿ, ಓಡುವ ಅಂಕಿಗಳು.

"ಸ್ಕ್ಯಾನರ್ ಅಂತೆ ಭಾವ. ಗಾಳೀಲಿ ಯಾರ್ ಮಾತಾಡುದ್ರೂ ಇಡ್ಕತದೆ. ನೀವು ಮಾತಾಡಂಗಿಲ್ವಲ್ಲ, ಕೇಳ್ಕಂಡಾದ್ರೂ ಕೂತ್ಕಳಿ."

ಅವನು ಹೋದ ಮೇಲೆ ತಾರಸಿಗೆ ಹೋಗಿ ಗುಂಡಿ ಒತ್ತಿದೆ. ಅಂಕಿಗಳು ಸರಸರನೆ ಓಡಿ ಒಂದು ಕಡೆ ನಿಂತವು. ಗಂಡಸೊಬ್ಬ ಯಾವುದೋ ಗಾಡಿ ಬಿಟ್ಟಿತೆಂದು ಹೇಳುತ್ತಿದ್ದ. ಇನ್ನೊಬ್ಬ ಸರಿ ಎಂದ. ರೈಲಿನವರಿರಬೇಕು. ನನ್ನನ್ನು ಅಯ್ಯೋ ಪಾಪ ಅನ್ನದ ದನಿಗಳನ್ನು ಕೇಳಿ ಎಷ್ಟೋ ದಿನಗಳಾಗಿತ್ತು. ಕಿವಿಗೆ ಹತ್ತಿರ ಹಿಡಿದುಕೊಂಡೆ. ಬಟ್ಟೆ ಒಣಗಿಸಲು ಬಂದ ಹೆಂಡತಿ ಬಕೀಟು ಕೆಳಗಿಟ್ಟು ಸ್ವಲ್ಪ ಹೊತ್ತು ಕೇಳಿದಳು.

"ಅದು ನಮ್ಗೆ ಯೇಳ್ತಿರೋ ಮಾತಲ್ಲ ಕಣ್ರೀ. ಪಕ್ಕದ್ಮನೆ ಗೋಡೆಗೆ ಕಿವಿ ಇಟ್ಟಂಗಾಯ್ತದೆ. ಆಪ್ ಮಾಡಿ."

ನನಗೆ ಕೋಪ ಬಂತು. ಸ್ಲೇಟಿನಲ್ಲಿ "ಕೇಳಿದರೆ ಏನು ನಷ್ಟ?" ಎಂದು ಬರೆದೆ. ಅವಳು ಒದ್ದೆ ಸೀರೆ ಹಿಂಡುತ್ತ, "ತಿಳ್ದೋರ್ನ ಕೇಳವ ಬುಡಿ" ಎಂದಳು.

ತಿಳಿದವರು ಯಾರೆಂಬುದು ಅವಳಿಗೆ ಗೊತ್ತಿತ್ತು. ಪಿಯುಸಿಯಲ್ಲಿ ಅವಳಿಗೆ ಭೌತಶಾಸ್ತ್ರ ಹೇಳಿಕೊಟ್ಟಿದ್ದ ಮೇಡಂ ರಿಟೈರಾಗಿ ಯಲಿಯೂರಿನ ತಮ್ಮ ಮನೆಯಲ್ಲಿದ್ದರು. ರೇಡಿಯೋದಲ್ಲಿ ಹೊರಗಿನವರೊಡನೆ ಮಾತಾಡುವ ಹವ್ಯಾಸ ಅವರದು; ಹ್ಯಾಮ್ ಎನ್ನುತ್ತಾರೆ. ನಾವು ಪ್ಯಾಸೆಂಜರ್ ಗಾಡಿ ಹತ್ತಿ, ಮಂಡ್ಯ ದಾಟಿ ಯಲಿಯೂರಿನಲ್ಲಿ ಇಳಿದೆವು. ತೆಂಗಿನ ಮರಕ್ಕೆ ಪೈಪೋಟಿಯಂತೆ ನಿಂತಿದ್ದ ಆಂಟೆನಾ ಕಂಬವೇ ಅವರ ಮನೆಯ ಗುರುತು.

ಮೇಡಂ ಸ್ಕ್ಯಾನರನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಹಾಡು, ವಾರ್ತೆ ಊರಿಗೆಲ್ಲ ಹೇಳೋದು, ಧಾರಾಳವಾಗಿ ಕೇಳಿ. ನಮ್ಮಂಥ ಹವ್ಯಾಸಿಗಳೂ ಬಾಗಿಲು ತೆಗೆದಿಟ್ಟೇ ಮಾತಾಡೋದು. ಪೊಲೀಸ್ನೋರು, ರೈಲ್ನೋರು ಆಡೋ ಮಾತು ಅವರವರಿಗೆ. ಅದನ್ನ ಕೇಳೋದು ನಮ್ಮ ಕೆಲಸ ಅಲ್ಲ. ಇಂಥ ಸೆಟ್ಟು ಮನೇಲಿ ಇಟ್ಕೊಳ್ಳೋಕೂ ಸರ್ಕಾರದ ಲೈಸೆನ್ಸ್ ಬೇಕು. ಒಂದು ಪರೀಕ್ಷೆ ಇದೆ, ಬರೀರಿ ಮೇಷ್ಟ್ರೇ."

"ಅಲ್ಲೀಗಂಟ ನೀವೇ ಮಡಿಕ್ಕಳಿ ಮೇಡಂ," ಎಂದು ಅವಳು ನನ್ನನ್ನು ಕೇಳದೆಯೇ ಯಂತ್ರವನ್ನು ಅವರ ಕಪಾಟಿನಲ್ಲಿ ಇಟ್ಟುಬಿಟ್ಟಳು. ಆಟದ ಸಾಮಾನು ಕಳೆದುಕೊಂಡ ಮಗುವಿನಂತಾಯಿತು ನನಗೆ. ಅದು ಮೇಡಂಗೆ ಕಂಡಿರಬೇಕು. ತಮ್ಮ ಸೆಟ್ಟಿನ ಮುಂದೆ ಕುರ್ಚಿ ಎಳೆದು ಕೂರಿಸಿದರು.

ಮೈಸೂರಿನ ಒಬ್ಬರು ಬೆಳಿಗ್ಗೆ ಹಾಲು ಉಕ್ಕಿ ಒಲೆ ಕೆಟ್ಟ ಕಥೆ ಹೇಳುತ್ತಿದ್ದರು. ತುಮಕೂರಿನ ಮುದುಕರೊಬ್ಬರು ಅದನ್ನೆಲ್ಲ ಕೇಳಿಸಿಕೊಂಡು, ಮಧ್ಯೆ ಮಾತೇ ಆಡದವರೊಬ್ಬರ ಮಂಡಿನೋವನ್ನು ವಿಚಾರಿಸಿದರು. ನನಗೆ ನಗು ಬಂತು. ಸದ್ದಿಲ್ಲದ ನಗು, ಭುಜ ಕುಲುಕಿತು. ಗೋಡೆಗೊರಗಿ ನಿಂತಿದ್ದ ಹೆಂಡತಿ ಮೆಲ್ಲಗೆ ಬಂದು ನನ್ನ ಕುರ್ಚಿಯ ಹಿಡಿಯ ಮೇಲೆ ಕೈಯಿಟ್ಟು ತಾನೂ ಕೇಳತೊಡಗಿದಳು.

ಅಲ್ಲಿಂದ ಬಿಡುವು ಸಿಕ್ಕಾಗಲೆಲ್ಲ ಯಲಿಯೂರಿಗೆ ಹೋಗುವುದು ರೂಢಿಯಾಯಿತು. ಮೇಡಂ ಪರೀಕ್ಷೆಯ ಪುಸ್ತಕ ಕೊಟ್ಟರು. ನನ್ನ ಜೊತೆ ಅವಳೂ ಬರೆಯಬೇಕೆಂದು ಹಟ ಹಿಡಿದರು. "ನಂಗ್ಯಾಕೆ ಮೇಡಂ ಈ ವಯಸ್ನಲ್ಲಿ?" ಎಂದಳು. "ಇವರು ಬಾಯಿ ಬಿಡೋ ಹಾಗಿಲ್ಲ. ನಾಳೆ ಸೆಟ್ಟಲ್ಲಿ ಮಾತಾಡೋರು ಯಾರು?" ಎಂದರು ಮೇಡಂ.

ಓದುವುದಕ್ಕೆ ನಾವು ಒಂದು ಉಪಾಯ ಮಾಡಿಕೊಂಡೆವು. ಪಾಠ ಮನಸ್ಸಿಗೆ ಹತ್ತಬೇಕಾದರೆ ನಾನು ಗಟ್ಟಿಯಾಗಿ ಓದಬೇಕು. ಅದಂತೂ ಆಗದ ಮಾತು. ಆದ್ದರಿಂದ ಅವಳು ಓದುವುದು, ಲೆಕ್ಕ ಬಂದಾಗ ನಾನು ಸ್ಲೇಟಿನಲ್ಲಿ ಬಿಡಿಸಿ ತೋರಿಸುವುದು. ಬೆಳಿಗ್ಗೆ ಕೆಲಸ ಮುಗಿಸಿ, ಕೈ ಒರೆಸಿಕೊಂಡು, ನಡುಮನೆಯ ಬಾಗಿಲಿಗೆ ಒರಗಿ ಕೂತು ಓದುತ್ತಿದ್ದಳು. ಪುಸ್ತಕದ ತುಂಬ ನಿಯಮಗಳು: ತುರ್ತಿನ ಕರೆ ಬಂದರೆ ಉಳಿದವರೆಲ್ಲ ಸುಮ್ಮನಾಗಬೇಕು. ಬೇರೆಯವರಿಗೆ ಉದ್ದೇಶಿಸಿದ ಸುದ್ದಿ ಕಿವಿಗೆ ಬಿದ್ದರೂ ಯಾರಿಗೂ ಹೇಳಬಾರದು. ಅದನ್ನು ಓದಿದ ದಿನ ಕಣ್ಣೆತ್ತಿ ನನ್ನನ್ನೊಮ್ಮೆ ನೋಡಿದಳು. ನಾನು ತಲೆ ತಗ್ಗಿಸಿ ನಕ್ಕೆ.

ಮದುವೆಯಾಗಿ ಇಷ್ಟು ವರ್ಷವಾದರೂ ಅವಳ ದನಿಯನ್ನು ಅಷ್ಟು ಹೊತ್ತು ನಾನು ಕೇಳಿದ್ದೇ ಇಲ್ಲ. ಕಷ್ಟದ ಪದದ ಹತ್ತಿರ ಅದು ಎತ್ತು ಕಾಲುವೆ ದಾಟುವಂತೆ ಒಂದು ಕ್ಷಣ ನಿಲ್ಲುತ್ತಿತ್ತು, ಆಮೇಲೆ ದಾಟುತ್ತಿತ್ತು. ಕೆಲವು ಸಲ ಪಾಠ ಬಿಟ್ಟು ದನಿಯನ್ನಷ್ಟೇ ಕೇಳುತ್ತ ಕೂತಿರುತ್ತಿದ್ದೆ. "ಕೇಳುಸ್ಕತಾ ಇದ್ದೀರಾ?" ಎನ್ನುವಳು. ಹೌದೆಂದು ತಲೆಯಾಡಿಸುತ್ತಿದ್ದೆ. ಕರೆಂಟಿನ ಪಾಠದಲ್ಲಿ ಮಾತ್ರ ಪುಸ್ತಕ ಮುಚ್ಚಿ ತಾನೇ ಹೇಳಿದಳು, ಅವರಪ್ಪ ಪವರ್‌ಹೌಸಿಗೆ ಕರೆದುಕೊಂಡು ಹೋಗಿ ತೋರಿಸಿದ್ದನ್ನು, ಅಲ್ಲಿ ನೆಲ ಅದುರುತ್ತಿದ್ದುದನ್ನು. ಆ ವಿಷಯ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಎರಡು ಮಾತಿನ ನಡುವೆ ನಾನು ಜಾಗವನ್ನೇ ಬಿಟ್ಟವನಲ್ಲ.

ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆದು ಬಂದೆವು. ಇಬ್ಬರೂ ಪಾಸಾದೆವು. ಅವಳಿಗೆ ನನಗಿಂತ ಹೆಚ್ಚು ಅಂಕ ಬಂದಿರಬೇಕೆಂದು ಮೇಡಂ ಇವತ್ತಿಗೂ ಸಾಧಿಸುತ್ತಾರೆ. ಬಹಳ ದಿನ ಕಾಯಿಸಿ ಲೈಸೆನ್ಸ್ ಬಂತು. ಅದರ ಜೊತೆ ಒಬ್ಬೊಬ್ಬರಿಗೂ ಒಂದು ಕಾಲ್‌ಸೈನ್, ಅಂದರೆ ಗಾಳಿಯಲ್ಲಿ ನಮ್ಮನ್ನು ಗುರುತಿಸುವ ಅಕ್ಷರಗಳು. ಸ್ಕ್ಯಾನರಿನಲ್ಲಿ ಕೇಳಲು ಮಾತ್ರ ಆಗುತ್ತದೆ. ಮಾತಾಡಲು ಬೇರೊಂದು ಕೈಸೆಟ್ಟು ಕೊಂಡೆವು. ನಮ್ಮ ತಾರಸಿಯಿಂದ ಅದರ ದನಿ ದೂರ ಹೋಗುತ್ತಿರಲಿಲ್ಲ. ಮಳವಳ್ಳಿ ಕಡೆಯ ಬೆಟ್ಟವೊಂದನ್ನು ಮೇಡಂ ಸೂಚಿಸಿದರು, ತಾವೂ ಜೊತೆಗೆ ಬಂದರು.

ಬೆಟ್ಟದ ಮೇಲೆ ಗಾಳಿಯೋ ಗಾಳಿ. ಹೆಂಡತಿ ಗುಂಡಿ ಒತ್ತಿ ಹಿಡಿದು ನಮ್ಮ ಕಡೆ ತಿರುಗಿದಳು.

"ನನ್ ಕೈಲಾಗಕಿಲ್ಲ ಬುಡಿ. ಗುರ್ತಿಲ್ದೋರ್ ಜೊತೆ ಏನ್ ಮಾತಾಡ್ಲಿ?"

ಆ ಮಾತೂ ಗಾಳಿಗೆ ಹೋಗಿತ್ತು, ಗುಂಡಿಯಿಂದ ಬೆರಳನ್ನೇ ತೆಗೆದಿರಲಿಲ್ಲ. ಬೆರಳು ತೆಗೆದದ್ದೇ ಒಂದು ದನಿ ನಗುತ್ತ ಬಂತು: "ಮೊದಲು ಕಾಲ್‌ಸೈನ್ ಹೇಳಿ ತಾಯಿ, ಗುರುತು ತಾನಾಗಿ ಆಗುತ್ತೆ." ಅವಳ ಮುಖ ಕೆಂಪಾಯಿತು. ಆದರೂ ಹೇಳಿದಳು, ಒಂದೊಂದೇ ಅಕ್ಷರ ಬಿಡಿಸಿ. ಮೈಸೂರಿನಿಂದ ಉತ್ತರ ಬಂತು, ಆಮೇಲೆ ರಾಮನಗರದಿಂದ.

ಅಷ್ಟು ಹೊತ್ತಿಗೆ ಡಾಕ್ಟರು ನನಗೆ ದಿನಕ್ಕಿಷ್ಟು ಎಂದು ಮಾತಾಡಲು ಬಿಟ್ಟಿದ್ದರು. ದನಿ ಮೊದಲಿನದಾಗಿರಲಿಲ್ಲ, ರಾಗಿ ಬೀಸುವ ಕಲ್ಲಿನಂತೆ ಗರಗರ. ಕೇಳಿದವರ ಮುಖ ಬಾಡುವುದನ್ನು ನೋಡಲಾರದೆ ಮನೆಯ ಹೊರಗೆ ನಾನು ಬಾಯಿ ತೆಗೆದಿರಲಿಲ್ಲ. ಅವಳು ಸೆಟ್ಟನ್ನು ನನ್ನ ಕೈಗೆ ಕೊಟ್ಟಳು. ಕಾಲ್‌ಸೈನ್ ಹೇಳಿ ನಮಸ್ಕಾರ ಎಂದೆ.

"ನಮಸ್ಕಾರ, ನಮಸ್ಕಾರ. ನಿಮ್ಮ ಸಿಗ್ನಲ್ ಸ್ವಲ್ಪ ಗರಗರ ಅಂತಿದೆ, ಆಂಟೆನಾ ನೋಡ್ಕೊಳ್ಳಿ," ಎಂದರು ಮೈಸೂರಿನವರು.

ಅವಳು ಸೆಟ್ಟು ಕಿತ್ತುಕೊಂಡಳು. "ಸಿಗ್ನಲ್ಲಲ್ಲ ಸಾ. ನಮ್ಮೆಜಮಾನ್ರ ಗಂಟ್ಲೇ ಅಂಗೆ. ಆಪ್ರೇಸನ್ ಆಗದೆ."

ನಾನು ನೆಲ ನೋಡುತ್ತಿದ್ದೆ.

"ಓ, ಹಾಗೋ! ಪರವಾಗಿಲ್ಲ, ಅಕ್ಷರ ಸ್ಪಷ್ಟವಾಗಿದೆ. ಇಲ್ಲಿ ಎಲ್ಲರದ್ದೂ ಸುಮಾರು ಹಾಗೇ ಕೇಳೋದು. ಮಾತಾಡಿ, ಮಾತಾಡಿ."

ಮೇಡಂ ಜೋರಾಗಿ ನಕ್ಕರು. ನಾನೂ ನಕ್ಕೆ, ಈ ಸಲ ಸದ್ದು ಮಾಡಿ.

ಮುಂದಿನ ತಿಂಗಳು ಉದ್ದನೆಯ ರಜೆ ಮುಗಿಸಿ ಶಾಲೆಗೆ ಹೋದೆ. ಸೊಂಟಕ್ಕೊಂದು ಚಿಕ್ಕ ಮೈಕು ಕಟ್ಟಿಕೊಂಡು ಪಾಠ ಹೇಳುತ್ತೇನೆ. ಗಂಟಲು ಇನ್ನು ಇಷ್ಟೇ ಎಂದಿದ್ದಾರೆ ಡಾಕ್ಟರು. ಮೇಡಂ ಪುಣ್ಯದಿಂದ ನಮ್ಮ ತಾರಸಿಯ ಮೇಲೂ ಈಗೊಂದು ಕಂಬ ನಿಂತಿದೆ. ಬೆಳಗಿನ ಹೊತ್ತು ಸೆಟ್ಟಿನ ಮುಂದೆ ಕೂರುವವಳು ಅವಳು. ಚಾಮರಾಜನಗರದ ಹೆಂಗಸೊಬ್ಬರು ಅವಳಿಗೆ ಗೆಳತಿಯಾಗಿದ್ದಾರೆ. ಮುಖ ನೋಡಿಲ್ಲ, ಆದರೆ ಒಬ್ಬರ ಮನೆಯ ಅಡುಗೆ ಇನ್ನೊಬ್ಬರಿಗೆ ಗೊತ್ತು.

ಮೊನ್ನೆ ಅವರು ಕೇಳಿದರು, ಇವತ್ತೇನು ವಿಶೇಷ ಎಂದು.

"ಉಪ್ಸಾರು ಕಣಮ್ಮ. ಒಲೆ ಮ್ಯಾಲದೆ," ಎಂದವಳು ಅಲ್ಲಿಂದ ಸೊಪ್ಪಿನ ವಿಚಾರಕ್ಕೆ ಹೋದಳು, ಸೊಪ್ಪಿನಿಂದ ಬ್ಲಫಿಗೆ ಹೋದಳು. ಮಾತು ಮುಗಿಯುವ ಸೂಚನೆ ಕಾಣಲಿಲ್ಲ. ನಾನು ಎದ್ದು ಅಡುಗೆಮನೆಗೆ ಹೋಗಿ ಒಲೆ ಸಣ್ಣ ಮಾಡಿ, ಬಾಗಿಲ ಹತ್ತಿರವೇ ನಿಂತು ಕೇಳಿದೆ.