ಬೀಗದಣ್ಣ ತೆರೆಯದ ಫೋಲ್ಡರು

ತಗಡು ಒತ್ತುವ ಆ ಕಾರ್ಖಾನೆಯಲ್ಲಿ ಆರು ಪ್ರೆಸ್ಸುಗಳು, ಒಂದೊಂದಕ್ಕೂ ಒಂದು ಕಂಪ್ಯೂಟರು. ಅವುಗಳನ್ನು ನೋಡಿಕೊಳ್ಳುವವನನ್ನು ಎಲ್ಲರೂ ಬೀಗದಣ್ಣ ಎನ್ನುತ್ತಾರೆ. ಹೊಸ ಆಪರೇಟಿಂಗ್ ಸಿಸ್ಟಂ ಬಂದರೆ ಅವನು ತನ್ನ ಕೋಣೆಯ ಸರ್ವರಿನಲ್ಲಿ ಒಮ್ಮೆ ಸಿದ್ಧಪಡಿಸುತ್ತಾನೆ. ಆರು ಕಂಪ್ಯೂಟರುಗಳೂ ಆ ಫೋಲ್ಡರನ್ನು ನೆಟ್‌ವರ್ಕಿನಲ್ಲಿ ಓದಿ ತಮಗೆ ಹಾಕಿಕೊಳ್ಳುತ್ತವೆ. ಓದಬಹುದು, ಬರೆಯುವಂತಿಲ್ಲ. ಅದೇ ಅವನ ಬೀಗ.

ಬೀಗ ಬಿದ್ದದ್ದು ಅಲ್ಲೇ ಪ್ರೆಸ್ಸಿನ ಕೆಲಸಕ್ಕಿದ್ದ ಅವನ ಅಕ್ಕನ ಕೈ ಹೋದ ಮೇಲೆ. ಆಗ ಒಂದು ಕಂಪ್ಯೂಟರು ಆ ಫೋಲ್ಡರಿನಲ್ಲಿ ಅರ್ಧಂಬರ್ಧ ಬರೆದದ್ದನ್ನು ಇನ್ನೊಂದು ಹಾಕಿಕೊಂಡಿತ್ತು. ಕೈ ಒಳಗಿದ್ದರೆ ನಿಲ್ಲಬೇಕಾದ ಪ್ರೆಸ್ಸು ನಿಲ್ಲಲಿಲ್ಲ. ಅಕ್ಕನ ಬಲಗೈ ಮಣಿಕಟ್ಟಿನವರೆಗೆ ತಗಡಿಗೆ ಅಂಟಿಹೋಯಿತು. ಬಿಡಿಸಿದವನು ಇವನೇ. ಅಕ್ಕ ಈಗ ಅಲ್ಲೇ ಉಗ್ರಾಣದಲ್ಲಿ ಎಡಗೈಯಲ್ಲಿ ಸಾಮಾನು ಎತ್ತಿಕೊಡುತ್ತಾಳೆ.

ಅಂದು ಮಧ್ಯಾಹ್ನ ಹೊಸ ಸಿಸ್ಟಂ ಹಾಕಿಕೊಳ್ಳುವ ಮೊದಲ ಸರದಿ ಮೂರನೇ ಪ್ರೆಸ್ಸಿನದು. ಪಾಳಿ ಬಿಡುವ ಸೈರನ್ನನ್ನು ಕೂಗಿಸುವುದೂ ಅದರ ಕಂಪ್ಯೂಟರೇ. ಸರ್ವರಿನ ಕೆಲಸ ಮುಗಿದು ಹತ್ತು ನಿಮಿಷವೂ ಆಗಿರಲಿಲ್ಲ. ಇಲ್ಲಿ ಹಾಕಲು ಹೋದರೆ ಅರ್ಧಕ್ಕೆ ನಿಂತಿತು. ಬರೆಯಲು ಅನುಮತಿಯಿಲ್ಲ ಎಂದಿತು. ಬರೀ ಓದಬೇಕಾದದ್ದು ಬರೆಯಲು ಯಾಕೆ ಹೊರಟಿತು? ಮೂರು ಸಲ ಮಾಡಿದರೂ ಅದೇ ರಾಗ.

ಮೇಸ್ತ್ರಿ ಬಂದು ಕತ್ತಿನ ಪಟ್ಟಿ ಹಿಡಿದ. "ಪ್ರೆಸ್ಸು ಗೊರಕೆ ಹೊಡೀತಿದೆ. ಆ ಬೀಗ ತೆಗೆದು ಬಿಸಾಕಯ್ಯ."

"ಆಗಲ್ಲ ಸಾರ್. ಉಳಿದ ಐದೂ ಅದನ್ನೇ ಓದ್ಬೇಕು."

"ಅದೇನು ನಿಮ್ಮಪ್ಪನ ಆಸ್ತೀನಾ?"

"ಅಲ್ಲ. ನಮ್ಮಕ್ಕನ ಕೈ."

ಮೇಸ್ತ್ರಿ ಅವನ ತಲೆಯನ್ನು ಪ್ರೆಸ್ಸಿನ ಕಂಬಕ್ಕೆ ಅಪ್ಪಳಿಸಿದ. ಒಂದು ಹಲ್ಲು ನೆಲಕ್ಕೆ ಬಿತ್ತು. ಬೀಗದಣ್ಣ ರಕ್ತ ಉಗುಳಿ ಮತ್ತೆ ಕೀಲಿಮಣೆಗೆ ಕೈ ಚಾಚಿದ. ಆ ಎಡಗೈಯ ಮೇಲೆ ಸ್ಪ್ಯಾನರು ಬಿತ್ತು. ಎರಡು ಬೆರಳು ಮುರಿದವು, ವಾಚಿನ ಗಾಜು ಒಡೆಯಿತು.

"ಈಗ ತೆಗೀತೀಯಾ?"

ಅವನು ಮುರಿದ ಕೈಯತ್ತ ನೋಡಿದ. ವಾಚು ಮೂರು ನಲವತ್ತಕ್ಕೆ ನಿಂತಿತ್ತು. ತೆರೆಗೆ ಸಿಡಿದ ರಕ್ತವನ್ನು ತೋಳಿನಿಂದ ಒರೆಸಿದಾಗ ಮೂಲೆಯಲ್ಲಿ ಮೂರು ಹತ್ತು ಎಂದಿತ್ತು. ಈ ಕಂಪ್ಯೂಟರಿನ ಲೆಕ್ಕದಲ್ಲಿ, ಸರ್ವರಿನಲ್ಲಿ ಈಗಷ್ಟೇ ಸಿದ್ಧವಾದ ಕಡತಗಳು ಇನ್ನೂ ಹುಟ್ಟೇ ಇಲ್ಲ. ಅದಕ್ಕೇ ಅನುಮಾನಪಟ್ಟು ತಾನೇ ಅವನ್ನು ಹೊಸದಾಗಿ ಕಟ್ಟಲು, ಆ ಫೋಲ್ಡರಿನಲ್ಲೇ ಬರೆಯಲು ಹೊರಟಿದೆ.

"ಗಡಿಯಾರ ಯಾರು ಸಾರ್ ಹಿಂದೆ ಹಾಕಿದ್ದು?"

ಎತ್ತಿದ ಸ್ಪ್ಯಾನರು ಅಲ್ಲೇ ನಿಂತಿತು. ಈ ಕೆಲಸಕ್ಕೆಂದು ಪ್ರೆಸ್ಸು ನಿಲ್ಲುವ ಹೊತ್ತನ್ನು ಆಳುಗಳಿಂದಲೇ ಕಿತ್ತುಕೊಳ್ಳಲು, ಸೈರನ್ನು ಅರ್ಧ ಗಂಟೆ ತಡವಾಗಿ ಕೂಗಲೆಂದು, ಊಟದ ಹೊತ್ತಿನಲ್ಲಿ ಮೇಸ್ತ್ರಿಯೇ ಅದನ್ನು ತಿರುಗಿಸಿದ್ದ. ಸುತ್ತ ನಿಂತ ಆಳುಗಳಿಗೆಲ್ಲ ಅರ್ಥವಾಯಿತು.

ಬೀಗದಣ್ಣ ಒಂದೇ ಕೈಯಲ್ಲಿ ಗಡಿಯಾರ ಸರಿಪಡಿಸಿ ಮತ್ತೆ ಶುರುಮಾಡಿದ. ಈ ಸಲ ಕಂಪ್ಯೂಟರು ತೆಪ್ಪಗೆ ಓದಿಕೊಂಡು ಹೋಯಿತು. ನಾಲ್ಕಕ್ಕೆ ಸರಿಯಾಗಿ ಸೈರನ್ನು ಕೂಗಿತು.

ಯಾರೂ ಮನೆಗೆ ಹೊರಡಲಿಲ್ಲ. ನಾಲ್ಕು ಜನ ಮೇಸ್ತ್ರಿಯನ್ನು ಕೆಡವಿ ಒದ್ದರು, ಎಳೆದು ತಂದು ಅವನ ಬಲಗೈಯನ್ನು ಅದೇ ಪ್ರೆಸ್ಸಿನ ಬಾಯಿಗೆ ತುರುಕಿದರು.

"ಬೇಡ್ರೋ" ಎಂದು ಬೀಗದಣ್ಣ ಎದ್ದ. ಅಷ್ಟರಲ್ಲಿ ಯಾರೋ ಗುಂಡಿ ಒತ್ತಿದ್ದರು.

ಪ್ರೆಸ್ಸು ಧಡಕ್ಕನೆ ಇಳಿದು ಮೇಸ್ತ್ರಿಯ ಕೈಯಿಂದ ಒಂದು ಗೇಣು ಮೇಲೆ ನಿಂತಿತು.

ಅಕ್ಕ ಉಗ್ರಾಣದಿಂದ ಬಟ್ಟೆ ತಂದಳು. ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಡಗೈಯಿಂದ ತಮ್ಮನ ಬೆರಳಿಗೆ ಸುತ್ತಿದಳು.

"ನಿನ್ನ ಬೀಗ ಆ ದರಿದ್ರದೋನ ಕೈನೂ ಉಳಿಸ್ತಲ್ಲೋ" ಎಂದಳು, ಗಂಟನ್ನು ಬಿಗಿಯಾಗಿ ಎಳೆಯುತ್ತ.