ಶೇಂಗಾ ಹಿಂಡಿ ಮತ್ತು ಅಜ್ಜಿಯ ಪಥ್ಯ

ಕಾನ್ವೆಂಟಿನ ಹಾಲಿಡೇಸ್‌ಗೆ ನಾನು ಸೇಡಂಗೆ ಹೋದಾಗ ಅಜ್ಜಿಯ ಮನೆಯಲ್ಲಿ ಇಬ್ಬರು ಬಾಣಂತಿಯರಿದ್ದರು. ಹೆರಿಗೆಗೆಂದು ತವರಿಗೆ ಬಂದಿದ್ದ ನನ್ನ ಅತ್ತೆ ಒಳಕೋಣೆಯಲ್ಲಿ, ಟ್ವಿನ್ಸ್ ಈದ ಕುರಿ ಹಿತ್ತಲಲ್ಲಿ. ಅಜ್ಜಿ ಇಬ್ಬರಿಗೂ ಒಂದೇ ಪಥ್ಯ ಹಾಕಿದ್ದಳು, ಅದೂ ಭಾಳ ಸ್ಟ್ರಿಕ್ಟ್. ಶೇಂಗಾ ಮುಟ್ಟುವಂತಿರಲಿಲ್ಲ.

ಪ್ರೋಟೀನ್ ಎಂಬ ಮಾತು ಆ ಮನೆಗೆ ಇನ್ನೂ ಬಂದಿರಲಿಲ್ಲ. ಬರೀ ಜೋಳದ ಒಣದಂಟಿನ ಕಣಿಕಿ ತಿಂದ ಕುರಿಗೆ ಹಾಲು ಸಾಲದೆ, ಮರಿಗಳೆರಡೂ ಖಾಲಿ ಕೆಚ್ಚಲು ಚೀಪಿ ಅರಚುತ್ತಿದ್ದವು. ಅಜ್ಜ ಗಾಣದಿಂದ, ಎಣ್ಣೆ ತೆಗೆದು ಉಳಿದ ಶೇಂಗಾ ಹಿಂಡಿ ತಂದರು.

“ಬಾಣಂತಿಗಿ ಶೇಂಗಾ ಹಾಕಿದ್ರ ಮರಿ ಹೊಟ್ಟಿ ಕಡೀತದರಿ,” ಎಂದಳು ಅಜ್ಜಿ.

“ಅದು ಕುರಿ ಅದ, ನಿನ್ನ ಮಗಳಲ್ಲ. ಮರಿ ಸಾಯಾಕತ್ತಾವ, ಹಾಕು.”

ಅಜ್ಜಿ ಹಿಂಡಿ ನೆನೆಸಿಟ್ಟಳು, ಧೈರ್ಯ ಸಾಲದೆ, ಹೊಟ್ಟೆ ಕಡಿಯದಿರಲೆಂದು ಮೇಲೊಂದು ಚಿಟಿಕೆ ಅಜವಾನ ಉದುರಿಸಿದಳು. ಕೆಲವೇ ದಿನಗಳಲ್ಲಿ ಕೆಚ್ಚಲು ತುಂಬಿತು. ಹಿತ್ತಲೆಲ್ಲ ಜಿಗಿದಾಡುತ್ತಿದ್ದ ಮರಿಗಳನ್ನು ಅಜ್ಜಿ ಹಿಡಿಹಿಡಿದು, ಡಾಕ್ಟರರಂತೆ ಸೀರಿಯಸ್ಸಾಗಿ ಹೊಟ್ಟೆ ಒತ್ತಿ ನೋಡಿದಳು.

ಒಳಕೋಣೆಯಿಂದ ಅತ್ತೆ ಕೇಳಿದಳು, “ಅವ್ವಾ, ಮರಿ ಹೊಟ್ಟಿ ಕಡೀಲಿಲ್ಲಲ್ಲ? ಹಂಗಾರ ನನಗೂ ಒಂದು ಹಿಡಿ ಶೇಂಗಾ ಕೊಡು.”

ಅಜ್ಜಿ ತಲೆ ಎತ್ತಲಿಲ್ಲ. “ನಿನಗ ನಾಕು ಕಾಲು ಬರಲಿ, ಕೊಡ್ತೀನಿ.”