ಗೋಣು ಹಾಕುವ ವಿದ್ಯೆ

ನನ್ನ ಗೋಣಿನ ಮೇಲೆ ನನಗೆ ಹತೋಟಿಯಿಲ್ಲ. ಹಿರಿಯರು ಯಾರಾದರೂ ಎದುರು ಕೂತು ಮಾತು ಶುರು ಮಾಡಿದರೆ ಸಾಕು, ತಾನಾಗಿ ಆಡತೊಡಗುತ್ತದೆ. ತಪ್ಪು ಗೋಣಿನದಲ್ಲ, ನಮ್ಮ ಕಾಗವಾಡದ್ದು. ನಮ್ಮಲ್ಲಿ ಹೇಳುವವರಿಗೆ ಹೂಂಗುಟ್ಟುವವರು ಬೇಕೇ ಬೇಕು. ಸುಮ್ಮನೆ ಕೇಳುತ್ತ ಕೂತರೆ ಸೊಕ್ಕು ಎನ್ನುತ್ತಾರೆ. ಮಿರಜದ ಬೀಗರು ಮರಾಠಿಯಲ್ಲಿ ಮಾತಾಡಿದರೆ 'ಹೋ, ಹೋ', ಮನೆಯಲ್ಲಿ ಕಾಕಾ ಕನ್ನಡದಲ್ಲಿ ಮಾತಾಡಿದರೆ 'ಹೌದ್ರಿ, ಹೌದ್ರಿ'. ಎರಡೂ ಭಾಷೆಯಲ್ಲಿ ಪಳಗಿದ ಗೋಣು ನನ್ನದು.

ಇದನ್ನು ಹೊತ್ತುಕೊಂಡೇ ಬಿ.ಎಸ್ಸಿ. ಮೊದಲ ವರ್ಷಕ್ಕೆ ಅಥಣಿಯ ಕಾಲೇಜು ಸೇರಿದೆ. ಬಸ್ಸಿಳಿದು ಓಡಿ ಮೊದಲ ಬೆಂಚು ಹಿಡಿಯುತ್ತಿದ್ದೆ. ಫಿಜಿಕ್ಸ್ ಸರ್ ತೆಲಸಂಗದವರು, ಬಹಳ ಸಾಧು ಮನುಷ್ಯ. ಆದರೆ ಬೋರ್ಡಿನತ್ತ ತಿರುಗಿದರೆಂದರೆ ಇಂಗ್ಲಿಷು, ಬಾಣದ ಗುರುತು, ಗ್ರೀಕ್ ಅಕ್ಷರ ಎಲ್ಲ ಒಟ್ಟಿಗೇ ನುಗ್ಗುತ್ತಿದ್ದವು. ಪಿಯುಸಿಯನ್ನು ಉರು ಹೊಡೆದು ದಾಟಿದ್ದ ನನ್ನ ತಲೆಗೆ ಒಂದೂ ಹತ್ತಲಿಲ್ಲ. "ತಿಳೀತಿಲ್ಲೋ?" ಎಂದು ಅವರು ನನ್ನತ್ತ ನೋಡುವರು. ಗೋಣು ಆಡುವುದು. ಅವರು ಬೋರ್ಡು ಒರೆಸಿ ಮುಂದಕ್ಕೆ ಹೋಗುವರು.

ಇಡೀ ಕ್ಲಾಸು ನನ್ನ ಗೋಣಿನ ವೇಗದಲ್ಲಿ ಓಡುತ್ತಿದೆ ಎಂದು ಗೊತ್ತಾದದ್ದು ಮೊದಲ ಟೆಸ್ಟಿನಲ್ಲಿ ಎಲ್ಲರೂ ಮಕಾಡೆ ಬಿದ್ದ ಮೇಲೆ. ಹಿಂದಿನ ಬೆಂಚಿನ ಶೋಭಾ ಜಗಳಕ್ಕೇ ಬಂದಳು.

"ನಿನ್ನ ಗೋಣಿಗೆ ಬ್ರೇಕ್ ಇಲ್ಲೇನ ಬೇ? ನೀ ಹೂಂ ಅಂತೀ, ಅವ್ರು ಓಡ್ತಾರ. ನಾವು ಸಾಯಾಕತ್ತೇವಿ!"

"ನನಗೂ ಏನೂ ತಿಳಿಯಾಂಗಿಲ್ಲ" ಎಂದೆ. ಅವಳು ಹಣೆ ಬಡಿದುಕೊಂಡಳು.

ಮನೆಯಲ್ಲಿ ಕಾಕಾ ಬೇರೆ, "ಈ ಸೆಮಿಸ್ಟರ್ ಫೇಲಾದ್ರ ಸೈನ್ಸ್ ಸಾಕು, ಬಿ.ಎ. ಮಾಡ್ಕೋ" ಎಂದಿದ್ದರು. ಅದಕ್ಕೂ ಗೋಣು ಹಾಕಿ ಬಂದಿದ್ದೆ, ದರಿದ್ರದ್ದು! ನನಗೋ ಸೈನ್ಸೇ ಬೇಕಿತ್ತು. ನಮ್ಮ ಮನೆತನದಲ್ಲಿ ಲ್ಯಾಬ್ ಕಂಡವಳು ನಾನೊಬ್ಬಳೇ. ಅದನ್ನು ಬಿಟ್ಟು ಬರುವುದು ನೆನೆದರೇ ಅಳು ಬರುತ್ತಿತ್ತು.

ಮರುದಿನದ ಪಾಠ ಟಾರ್ಕ್, ಅಂದರೆ ತಿರುಗಿಸುವ ಬಲ. ಸರ್ ನನ್ನತ್ತ ನೋಡಿದರು. ಎರಡೂ ಕೈಯಿಂದ ಗಲ್ಲ ಗಟ್ಟಿಯಾಗಿ ಹಿಡಿದುಕೊಂಡು ಕೂತೆ. ಅವರ ಕೈಯಲ್ಲಿದ್ದ ಡಸ್ಟರ್ ಅಲ್ಲೇ ನಿಂತಿತು.

"ಯಾಕವಾ, ಹಲ್ಲು ನೋಯಾಕತ್ತಾವೇನು?"

"ಇಲ್ರಿ ಸರ್. ತಿಳೀಲಿಲ್ರಿ."

"ಎಲ್ಲಿಂದ?"

"ಮೊದಲಿಂದ್ರಿ."

ಹಿಂದಿನಿಂದ ಶೋಭಾ "ನನಗೂರಿ" ಎಂದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಸರ್ ಬೋರ್ಡು ಪೂರ್ತಿ ಒರೆಸಿ ನನ್ನನ್ನು ಬಾಗಿಲ ಹತ್ತಿರ ಕರೆದರು. ಬಿಜಾಗರಿಯ ಪಕ್ಕದಲ್ಲಿ ಕೈಯಿಟ್ಟು ದೂಡು ಎಂದರು. ಬೆವರು ಬಂತು, ಬಾಗಿಲು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಈಗ ಚಿಲಕದ ಹತ್ತಿರ ದೂಡು ಎಂದರು. ಒಂದು ಬೆರಳಿಗೇ ತಿರುಗಿತು. ಅಯ್ಯ ಶಿವನೇ, ಇಷ್ಟೇ ಏನು! ಎಷ್ಟು ದೂಡಿದೆ ಎಂಬುದರಷ್ಟೇ ಎಲ್ಲಿ ದೂಡಿದೆ ಎಂಬುದೂ ಮುಖ್ಯ. ಅಂದಿನಿಂದ ಪಾಠ ನಿಧಾನವಾಯಿತು, ನನಗೆ ಪುಸ್ತಕದ ಭಯ ಬಿಟ್ಟಿತು.

ಸೆಮಿಸ್ಟರ್ ಪಾಸಾದೆ. ಹೊಗಳಿಕೊಳ್ಳುವಂಥ ಅಂಕಗಳೇನಲ್ಲ, ಕಾಕಾನ ಬಾಯಿ ಮುಚ್ಚಿಸುವಷ್ಟು. ರಿಸಲ್ಟ್ ಹೇಳಲು ಹೋದಾಗ ಸರ್ ಚಹಾ ಕುಡಿಯುತ್ತಿದ್ದರು.

"ಇಷ್ಟು ವರ್ಷ ಯಾರೂ ತಿಳೀಲಿಲ್ಲ ಅಂದಿರಲಿಲ್ಲ ನೋಡವಾ. ನಾ ಭಾಳ ಚಲೋ ಹೇಳ್ತೀನಂತ ತಿಳ್ಕೊಂಡಿದ್ದೆ" ಎಂದು ನಕ್ಕರು. ಹಾಗೆ ನಂಬಿಸಿದ್ದು ನಮ್ಮೆಲ್ಲರ ಮರ್ಯಾದೆಯೇ ತಾನೇ?

"ಟಾರ್ಕ್ ಮಾತ್ರ ಭಾಳ ಚಲೋ ಹೇಳಿದ್ರಿ ಸರ್" ಎಂದೆ.

ಅವರ ಮುಖ ಅರಳಿತು. ತಿಳಿಯಲಿಲ್ಲ ಎಂದು ಒಮ್ಮೆ ಹೇಳಿದವಳು ತಿಳಿಯಿತು ಎಂದರೆ, ನಂಬಬಹುದು ನೋಡಿ.